ಕೂಗಿಕೊಳ್ಳಲಿಲ್ಲ ಎಂದರೆ ಸರಿ

ಮಾರ್ಚ್ 3, ಸೋಮವಾರ

ವಕೀಲರ ಸಂಘದವರು ಹಂಚಿದ ಡೈರಿ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತು ಬರೆಯಲು ವಿಷಯ ಸಿಕ್ಕಿದೆ. ಹೆಡ್ ಕ್ಲರ್ಕ್ ಕರೆದು ಹೇಳಿದರು: ಹೊಸದಾಗಿ ಸೇರುವ ಶೀಘ್ರಲಿಪಿಗಾರರಿಗೆ ತರಬೇತಿ ಪುಸ್ತಕ ಅಚ್ಚಾಗುತ್ತದೆ, ಅದಕ್ಕೆ ಸಾಕ್ಷಿ ಹೇಳಿಕೆಗಳ ಹತ್ತು ಮಾದರಿ ಬೇಕು, ಹತ್ತೂ ನನ್ನವೇ ಇರಲಿ ಎಂದು ತೀರ್ಮಾನವಾಗಿದೆ. "ನೋಡೋಣ ಸರ್" ಎಂದೆ. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ಮಾತ್ರ ಕಾಲು ನೆಲದ ಮೇಲಿರಲಿಲ್ಲ.

ಮತ್ತೆ ಯಾರದು ಹಾಕುತ್ತಾರೆ? ಇಪ್ಪತ್ತಾರು ವರ್ಷದ ಕೈ ಇದು. ಕಟಕಟೆಯಲ್ಲಿ ನಿಂತವರು ಅಳುತ್ತಾರೆ, ತಡವರಿಸುತ್ತಾರೆ, ಅಜ್ಜಿಯ ಕಾಲದಿಂದ ಕಥೆ ಶುರುಮಾಡುತ್ತಾರೆ. ಅದನ್ನೆಲ್ಲ ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಆಮೇಲೆ ವಕೀಲರ ಪ್ರಶ್ನೆಯನ್ನೂ ಸಾಕ್ಷಿಯ ಉತ್ತರವನ್ನೂ ಬೆಸೆದು, ಸಾಕ್ಷಿಯೇ ನೆಟ್ಟಗೆ ಹೇಳಿದ ಹಾಗೆ ಒಂದು ವಾಕ್ಯ ಮಾಡಿ ಟೈಪ್ ಮಾಡಬೇಕು. ಒಪ್ಪಿದ್ದರೆ 'ಎಂದರೆ ಸರಿ', ಒಪ್ಪದಿದ್ದರೆ 'ಎಂದರೆ ಸರಿಯಲ್ಲ'. ನಿಯಮದ ಪ್ರಕಾರ ಆ ವಾಕ್ಯವನ್ನು ನ್ಯಾಯಾಧೀಶರು ಹೇಳಿ ಬರೆಸಬೇಕು. ಈಗ ನಿವೃತ್ತರಾಗಿರುವ ಹಳೆಯ ಸಾಹೇಬರು ನನ್ನ ಮೇಲೆ ಎಷ್ಟು ಭರವಸೆ ಇಟ್ಟಿದ್ದರೆಂದರೆ, "ವಾಕ್ಯ ನೀವೇ ಕಟ್ಟಿಬಿಡಿ, ಸಹಿ ನಾನು ಹಾಕ್ತೀನಿ" ಎನ್ನುತ್ತಿದ್ದರು. ಕೋರ್ಟಿನಲ್ಲಿ ನನ್ನ ಹೆಸರು ಕತ್ತರಿ ಅಕ್ಕ. ಬೈಗುಳವಲ್ಲ, ಬಿರುದು.

ನಮ್ಮವರಿಗೆ ಹೇಳಿದೆ. ಸಂತೋಷಪಟ್ಟರು. ಇನ್ನೂ ಏನೇನೋ ಹೇಳಿದರು, ಬರೆಯುವಂಥದ್ದಲ್ಲ.

ಮಾರ್ಚ್ 6, ಗುರುವಾರ

ದಾಖಲೆ ಕೋಣೆಗೆ ಕಾನೂನು ಕಾಲೇಜಿನ ಅಧ್ಯಾಪಕಿಯೊಬ್ಬಳು ಬಂದಿದ್ದಾಳೆ. ಮೂವತ್ತು ವರ್ಷವಿರಬಹುದು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ, ಅದಕ್ಕೇ ನಾನು ಪೆನ್ಸಿಲಮ್ಮ ಎಂದು ಕರೆದೆ. ಹಳೆಯ ಹೇಳಿಕೆಗಳನ್ನು ಓದಿ ಸಂಶೋಧನೆ ಮಾಡುತ್ತಾಳಂತೆ. ವಿಷಯ: ಹೆಂಗಸರ ಮಾತು ಕಾನೂನಿನ ಕಾಗದಕ್ಕೆ ಬರುವಾಗ ಏನಾಗುತ್ತದೆ.

ಏನಾಗುತ್ತದೆ? ಶುದ್ಧವಾಗುತ್ತದೆ. ಹಾಗೇ ಹೇಳಿ ಬಂದೆ.

ಮಾರ್ಚ್ 7, ಶುಕ್ರವಾರ

ಒಂಬತ್ತು ಮಾದರಿ ಸಲೀಸಾಗಿ ಆರಿಸಿದೆ. ಹತ್ತನೆಯದಕ್ಕೆ ಮೂರು ವರ್ಷದ ಹಿಂದಿನ ಲಾಂಡ್ರಿ ಕೇಸು. ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದವಳು, ಮೇಲ್ವಿಚಾರಕ ಬಾಗಿಲು ಹಾಕಿಕೊಂಡು ಮೈಮೇಲೆ ಬಿದ್ದ ಎಂದು ದೂರು ಕೊಟ್ಟಿದ್ದಳು. ಪಾಟೀಸವಾಲು ಒಂದು ಮಧ್ಯಾಹ್ನ ಪೂರ್ತಿ ನಡೆಯಿತು. ಅಷ್ಟನ್ನೂ ನಾನು ಒಂಬತ್ತು ಸಾಲಿಗೆ ಇಳಿಸಿದ್ದೇನೆ. ಓದಿದರೆ ನನಗೇ ಹೆಮ್ಮೆಯಾಗುತ್ತದೆ. ಕೊನೆಯ ಮೂರು ಸಾಲು ಇಲ್ಲಿ ಬರೆದಿಡುತ್ತೇನೆ:

"ಘಟನೆಯ ಸಮಯದಲ್ಲಿ ನಾನು ಕೂಗಿಕೊಳ್ಳಲಿಲ್ಲ ಎಂದರೆ ಸರಿ. ಯಂತ್ರಗಳನ್ನು ನಾನೇ ನಿಲ್ಲಿಸಿದೆನು ಎಂದರೆ ಸರಿ. ಹಾಗೆ ನಿಲ್ಲಿಸಲು ನನಗೆ ಅಧಿಕಾರವಿರಲಿಲ್ಲ ಎಂದರೆ ಸರಿ."

ಒಂದು ಅಕ್ಷರ ಹೆಚ್ಚಿಲ್ಲ. ಮೇಲ್ವಿಚಾರಕ ಬಿಡುಗಡೆಯಾದ. ಅಧಿಕಾರವಿಲ್ಲದೆ ಯಂತ್ರ ನಿಲ್ಲಿಸಿ ಬೈಸಿಕೊಂಡ ಸಿಟ್ಟಿಗೆ ಸುಳ್ಳು ದೂರು ಕೊಟ್ಟಿದ್ದಾಳೆ ಎಂದು ತೀರ್ಪಿನಲ್ಲಿತ್ತು. ತೀರ್ಪು ನನ್ನ ಕೆಲಸವಲ್ಲ.

ಮಾರ್ಚ್ 14, ಶುಕ್ರವಾರ

ಪೆನ್ಸಿಲಮ್ಮ ಇವತ್ತು ನನ್ನ ತಲೆ ಕೆಡಿಸಿದಳು. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಬಂದು ಎರಡು ಕಾಗದ ಮುಂದಿಟ್ಟಳು. ಒಂದು ಲಾಂಡ್ರಿಯವಳ ಹೇಳಿಕೆ. ಇನ್ನೊಂದು ಅದೇ ತಿಂಗಳು, ಅದೇ ಕೋಣೆ, ಗೋದಾಮಿನ ಕಾವಲುಗಾರನದು. ಅವನ ಕಣ್ಣೆದುರೇ ಕಳ್ಳತನವಾಗಿತ್ತು. ಅವನ ಸಾಲು ಹೀಗಿದೆ: "ಕಳ್ಳರ ಕೈಯಲ್ಲಿ ಚೂರಿ ಇದ್ದುದರಿಂದಲೂ ನಾನು ಒಬ್ಬನೇ ಇದ್ದುದರಿಂದಲೂ ಕೂಗಿಕೊಳ್ಳಲಿಲ್ಲ ಎಂದರೆ ಸರಿ."

"ಎರಡೂ ನಿಮ್ಮ ಟೈಪಿಂಗೇ ಅಲ್ವಾ ಮೇಡಂ?" ಎಂದಳು.

"ಹೌದು."

"ಅವನೂ ಕೂಗ್ಲಿಲ್ಲ, ಇವಳೂ ಕೂಗ್ಲಿಲ್ಲ. ಅವನು ಯಾಕೆ ಕೂಗ್ಲಿಲ್ಲ ಅಂತ ಇದೆ. ಇವಳು ಯಾಕೆ ಅಂತ ಇಲ್ಲ."

"ಇವಳು ಹೇಳಿರಲ್ಲ. ಹೇಳಿದ್ರೆ ಬರೀತಿದ್ದೆ. ನನ್ನ ಕೈಯಲ್ಲಿ ಮಾತು ತಪ್ಪಿಹೋಗಲ್ಲ."

"ಸರಿ ಮೇಡಂ" ಎಂದಳು. ನಂಬಲಿಲ್ಲ. ಆ 'ಸರಿ' ನನಗೆ ಗೊತ್ತು, ದಿನಾ ಕೇಳುತ್ತೇನೆ. ಬಿಳಿ ಹಾಳೆಯಲ್ಲಿ ಅವಳು ಎರಡು ಪಟ್ಟಿ ಮಾಡಿದ್ದಾಳೆ. ಗಂಡಸರ ಹೇಳಿಕೆಯಲ್ಲಿ ಕಾರಣ ಉಳಿಯುತ್ತದಂತೆ, ಹೆಂಗಸರದ್ದರಲ್ಲಿ ಉದುರಿಹೋಗುತ್ತದಂತೆ. ಎಲ್ಲ ಬೇಡ, ನನ್ನಂಥ ಹೆಂಗಸೇ ಕೂತು ಬರೆದಿರುವಾಗ ಇವಳದು ಎಂಥ ಸಂಶೋಧನೆ! ಶೀಘ್ರಲಿಪಿ ಪುಸ್ತಕಗಳು ಮನೆಯ ಟ್ರಂಕಿನಲ್ಲಿವೆ. ಕೇಸು ಮುಗಿದ ಮೇಲೆ ಸುಡಬೇಕು, ನಾನು ಸುಟ್ಟಿಲ್ಲ. ಅಂಥ ಕೈಬರಹವನ್ನು ಯಾರಾದರೂ ಸುಡುತ್ತಾರಾ? ನಾಳೆ ತೆಗೆದು ಅವಳ ಬಾಯಿ ಮುಚ್ಚಿಸುತ್ತೇನೆ.

ಮಾರ್ಚ್ 15, ಶನಿವಾರ

ಪುಸ್ತಕ ಸಿಕ್ಕಿತು. ಓದಿದೆ.

ಮಾರ್ಚ್ 17, ಸೋಮವಾರ

ನಿನ್ನೆ ಬರೆಯಲು ಕೂತು ಎದ್ದುಹೋದೆ. ಇವತ್ತು ಬರೆದುಬಿಡುತ್ತೇನೆ. ನನ್ನ ಕೈಯೇ, ನನ್ನ ಗೆರೆಗಳೇ. ವಕೀಲ ಕೇಳಿದ್ದು: ನೀನು ಕೂಗಿಕೊಳ್ಳಲಿಲ್ಲ ಅಲ್ಲವೇ? ಅವಳು ಹೇಳಿದ್ದು:

"ಕೂಗಿದ್ರೆ ಯಾರಿಗೆ ಕೇಳುತ್ತೆ ಸ್ವಾಮಿ? ಆರು ಮಿಷನ್ನು ಓಡ್ತಿದ್ವು. ಪಕ್ಕದಲ್ಲಿ ನಿಂತು ಕರೆದ್ರೂ ಕೇಳ್ಸಲ್ಲ, ನಾವು ಒಬ್ರಿಗೊಬ್ರು ಕೈಸನ್ನೆ ಮಾಡ್ಕೊಂಡೇ ಕೆಲಸ ಮಾಡೋದು. ಮಿಷನ್ನಿಗೇನು ಕಿವಿ ಇದ್ಯಾ? ಕೈ ಚಾಚಿದೆ, ಗೋಡೆಯ ದೊಡ್ಡ ಸ್ವಿಚ್ಚು ಸಿಕ್ತು, ಎಳೆದೆ. ಎಲ್ಲಾ ನಿಂತ್ಹೋಯ್ತು. ಮಿಷನ್ ನಿಂತ್ರೆ ಎಲ್ಲರಿಗೂ ಗೊತ್ತಾಗುತ್ತೆ, ಓಡಿ ಬರ್ತಾರೆ. ಬಂದ್ರು. ಅದೇ ನಾನು ಕೂಗಿದ್ದು."

ಇಷ್ಟೂ ಪುಸ್ತಕದಲ್ಲಿದೆ. ಇಷ್ಟನ್ನೂ ನಾನು ಕೇಳಿದ್ದೇನೆ, ಗೀಚಿದ್ದೇನೆ. ಆಮೇಲೆ ಟೈಪ್ ಮಾಡಲು ಕೂತಾಗ 'ಕೂಗಿಕೊಳ್ಳಲಿಲ್ಲ ಎಂದರೆ ಸರಿ', 'ಯಂತ್ರಗಳನ್ನು ನಾನೇ ನಿಲ್ಲಿಸಿದೆನು ಎಂದರೆ ಸರಿ' ಎಂದು ಎರಡು ತುಂಡು ಮಾಡಿದ್ದೇನೆ. ಎರಡೂ ಸುಳ್ಳಲ್ಲ. ಆದರೆ ಒಂದಕ್ಕೊಂದು ಇದ್ದ ಸಂಬಂಧ ಹಾರಿಹೋಗಿದೆ. ಕೂಗಿದವಳನ್ನು ಕೂಗಲಿಲ್ಲ ಎಂದು ಬರೆದಿದ್ದೇನೆ.

ಯಾಕೆ ಬಿಟ್ಟೆ? ನೆನಪಿಲ್ಲ. ಅದೇ ನನಗೆ ಸಿಟ್ಟು ಬರಿಸುವುದು. ಯಾರೂ ದುಡ್ಡು ಕೊಡಲಿಲ್ಲ, ಯಾರೂ ಹೆದರಿಸಲಿಲ್ಲ. ಅದು ಅಧಿಕಪ್ರಸಂಗ ಅನಿಸಿತು, ಬಿಟ್ಟೆ, ಅಷ್ಟೇ. ಕಾವಲುಗಾರನದು ಕಾರಣ ಅನಿಸಿತು. ಇವಳದು ಗೋಳು ಅನಿಸಿತು.

ಸಂಜೆ ಇನ್ನೂ ಏಳು ಪುಸ್ತಕ ತೆಗೆದು ನೋಡಿದೆ. ಬೇಡ, ಅದನ್ನು ಆಮೇಲೆ ಬರೆಯುತ್ತೇನೆ.

ಮಾರ್ಚ್ 19, ಬುಧವಾರ

ಪೆನ್ಸಿಲಮ್ಮನಿಗೆ ಹೇಳಿದೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಕುಣಿಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಲಾಂಡ್ರಿಯವಳ ಮೇಲ್ಮನವಿ ಇನ್ನೂ ದೊಡ್ಡ ಕೋರ್ಟಿನಲ್ಲಿದೆಯಂತೆ, ಜೂನಿನಲ್ಲಿ ವಿಚಾರಣೆ. ನಾನು ಬರೆದ ಆ ಎರಡು ಸಾಲು ಬಿಟ್ಟರೆ ಅವಳ ವಿರುದ್ಧ ಬೇರೇನೂ ಇಲ್ಲವಂತೆ.

"ನಿಮ್ಮ ಪುಸ್ತಕ ಕೋರ್ಟಿಗೆ ಬಂದ್ರೆ ಕೇಸು ಬದಲಾಗುತ್ತೆ ಮೇಡಂ. ಆದ್ರೆ ಬರೀ ಪುಸ್ತಕ ಬಂದ್ರೆ ಸಾಲಲ್ಲ, ನೀವೂ ಬರಬೇಕು. ನಿಮಗೆ ತೊಂದ್ರೆ ಆಗುತ್ತೆ. ನಾನು ಬನ್ನಿ ಅಂತ ಹೇಳಲ್ಲ."

"ನೀನು ಹೇಳೋದೇನು ಬಂತು" ಎಂದೆ. ಸ್ವಲ್ಪ ಜೋರಾಗಿಯೇ ಅಂದೆ, ಪಾಪ.

ಮಾರ್ಚ್ 24, ಸೋಮವಾರ

ರಜೆ ಹಾಕಿ, ನಮ್ಮವರ ಆರು ಷರ್ಟು ಚೀಲಕ್ಕೆ ತುಂಬಿಕೊಂಡು ಹೋದೆ. ಪೆನ್ಸಿಲಮ್ಮ ವಿಳಾಸ ಕೊಟ್ಟಿದ್ದಳು. ಬಸ್ ನಿಲ್ದಾಣದ ಹಿಂದೆ, ಝೆರಾಕ್ಸ್ ಅಂಗಡಿಯ ಪಕ್ಕದ ಮೆಟ್ಟಿಲ ಕೆಳಗೆ ಆಕೆಯ ಇಸ್ತ್ರಿ ಮೇಜು. ಲಾಂಡ್ರಿಯವರು ತೆಗೆದುಹಾಕಿದ ಮೇಲೆ ಬೇರೆ ಲಾಂಡ್ರಿಯವರೂ ಸೇರಿಸಿಕೊಂಡಿಲ್ಲ. ಸುಳ್ಳು ದೂರು ಕೊಡುವವಳು ಎಂದು ಕೋರ್ಟೇ ಹೇಳಿದೆಯಲ್ಲ.

ಷರ್ಟು ಕೊಟ್ಟು ಸುಮ್ಮನೆ ನಿಂತೆ. ಎರಡು ಷರ್ಟು ಮುಗಿಸಿ ಆಕೆ ತಲೆ ಎತ್ತಿದಳು.

"ನೀವು ಅವತ್ತು ಬರ್ಕೊಳ್ತಿದ್ದ ಅಮ್ಮ ಅಲ್ವಾ? ನಿಮ್ಮ ಕೈ ಜ್ಞಾಪಕ ಇದೆ. ಅಬ್ಬಾ, ಏನು ಸ್ಪೀಡು!"

ಅವತ್ತು ಮಿಷನ್ ಬಗ್ಗೆ ಏನು ಹೇಳಿದೆ, ನೆನಪಿದೆಯಾ ಎಂದು ಕೇಳಿದೆ.

"ಹೇಳ್ದೆ ಅಂತ ಅಂದ್ಕೊಂಡಿದ್ದೆ ಅಮ್ಮ. ಆದ್ರೆ ಕಾಗದದಲ್ಲಿ ಇಲ್ವಂತೆ, ನಮ್ಮ ವಕೀಲರು ಓದಿ ಹೇಳಿದ್ರು. ನಂಗೆ ಓದೋಕೆ ಬರಲ್ಲ. ಹಾಗಾದ್ರೆ ನಾನೇ ಹೇಳಿರಲ್ಲ. ಭಯದಲ್ಲಿ ಬಾಯಿ ಕಟ್ಟಿಹೋಗಿರುತ್ತೆ. ನಮ್ಮ ತಂಗೀನೂ ಅದಕ್ಕೇ ಬೈತಾಳೆ, ಮುಖ್ಯವಾದ್ದನ್ನೇ ನುಂಗಿಬಿಟ್ಯಲ್ಲೇ ಮಂಕೆ ಅಂತ. ಮೂರು ವರ್ಷ ಆಯ್ತು, ದಿನಾ ಇಸ್ತ್ರಿ ಮಾಡ್ತಾ ಅದನ್ನೇ ಮನಸ್ಸಲ್ಲೇ ಹೇಳ್ಕೊಳ್ತೀನಿ. ಈಗೇನು ಪ್ರಯೋಜನ, ಅಲ್ವಾ?"

ನನ್ನ ಮೇಲೆ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಮೂರು ವರ್ಷ ತನ್ನನ್ನೇ ಬೈದುಕೊಂಡಿದ್ದಾಳೆ.

"ನೀನು ಹೇಳಿದ್ದೆ" ಎಂದೆ. "ಪೂರ್ತಿ ಹೇಳಿದ್ದೆ. ಚೆನ್ನಾಗಿ ಹೇಳಿದ್ದೆ. ನಾನು ಬಿಟ್ಟೆ."

ಆಕೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಆಮೇಲೆ, "ಇದನ್ನ ನಮ್ಮ ತಂಗಿಗೆ ಬಂದು ಹೇಳ್ತೀರಾ?" ಎಂದಳು. ಕೋರ್ಟಿಗೆ ಬನ್ನಿ ಎನ್ನಲಿಲ್ಲ. ಇಬ್ಬರೂ ತಂಗಿಯ ಮನೆಗೆ ಹೋದೆವು, ಎರಡು ಬೀದಿ ಆಚೆ. ನಾನು ಬಾಗಿಲಲ್ಲಿ ನಿಂತೇ ಹೇಳಿದೆ. ತಂಗಿ ನನಗೆ ಬೈದಳು, ಬೈಯಬೇಕಾದ ಹಾಗೆಯೇ ಬೈದಳು. ಆಮೇಲೆ ಅಕ್ಕನ ಕೈ ಹಿಡಿದುಕೊಂಡು ಅತ್ತಳು. ಷರ್ಟು ಅಲ್ಲೇ ಬಿಟ್ಟು ಬಂದಿದ್ದೇನೆ.

ಮಾರ್ಚ್ 28, ಶುಕ್ರವಾರ

ಹೆಡ್ ಕ್ಲರ್ಕ್ ಹತ್ತಿರ ಹೋಗಿ, ಲಾಂಡ್ರಿ ಹೇಳಿಕೆಯನ್ನು ತರಬೇತಿ ಪುಸ್ತಕದಿಂದ ತೆಗೆಯಿರಿ, ನಡೆದದ್ದನ್ನೆಲ್ಲ ಬರೆದು ದೊಡ್ಡ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸುತ್ತೇನೆ ಎಂದೆ. ಮನುಷ್ಯ ಕೆಟ್ಟವರಲ್ಲ. ಮೊದಲು ನಕ್ಕರು, ಆಮೇಲೆ ಬಾಗಿಲು ಮುಂದೆ ಮಾಡಿದರು.

"ನೀವು ಸುಳ್ಳು ಬರೆದ್ರಾ? ಇಲ್ಲ. ಅವಳು ಬಾಯಿ ತೆಗೆದು ಕೂಗ್ಲಿಲ್ಲ, ಅದು ನಿಜ ತಾನೇ? ಸ್ವಿಚ್ಚು ಎಳೆದಿದ್ದೂ ನಿಜ. ಟೈಪ್ ಆದ್ಮೇಲೆ ಓದಿ ಹೇಳಿದ್ದಾರೆ, ಅವಳು ಹೆಬ್ಬೆಟ್ಟು ಒತ್ತಿದ್ದಾಳೆ. ಕಾನೂನಿಗೆ ಅಷ್ಟು ಸಾಕು."

"ಓದಿದ್ದು ನಾನೇ ಸರ್. ಒಂದೇ ಉಸಿರಲ್ಲಿ ಓದಿದೆ. ನಿಮಗೂ ಅರ್ಥ ಆಗ್ತಿರ್ಲಿಲ್ಲ."

"ಅಲ್ಲ ಕಣ್ರೀ, ನಾಲ್ಕು ವರ್ಷ ಬಿಟ್ರೆ ನಿವೃತ್ತಿ. ಸುಡಬೇಕಾದ ಪುಸ್ತಕ ಮನೇಲಿಟ್ಕೊಂಡಿದ್ದೇ ಮೊದಲನೇ ತಪ್ಪು. ಅದರ ಮೇಲೆ ನಾನು ತಪ್ಪು ಬರೆದೆ ಅಂತ ನೀವೇ ಹೋಗಿ ಹೇಳ್ತೀರಾ? ಇವತ್ತು ಇದೊಂದು ಕೇಸು. ನಾಳೆ ಸೋತವರೆಲ್ಲ ಕ್ಯೂ ನಿಲ್ತಾರೆ, ನಮ್ಮದೂ ತೆಗೆದು ನೋಡಿ ಅಂತ. ಇಪ್ಪತ್ತಾರು ವರ್ಷದ ಕೆಲಸ ಬೀದಿಗೆ ಬೀಳುತ್ತೆ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಅದಕ್ಕೇ ಪೂರ್ತಿ ಬರೆದಿದ್ದೇನೆ.

ಏಪ್ರಿಲ್ 2, ಬುಧವಾರ

ನಮ್ಮವರ ಫ್ಯಾನ್ ರಿಪೇರಿ ಅಂಗಡಿಗೆ ಹೋಗಿ ಕೂತೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅಂಗಡಿಯಲ್ಲಿ ಹೀಗೆ ಕೂತಿದ್ದು ಮೂರೋ ನಾಲ್ಕೋ ಸಲ. ಬಿಚ್ಚಿದ ಫ್ಯಾನುಗಳ ನಡುವೆ ಸ್ಟೂಲು ಹಾಕಿಕೊಟ್ಟರು. ಎಲ್ಲ ಹೇಳಿದೆ. ನನ್ನ ಮೇಲೆ ವಿಚಾರಣೆ ಬರಬಹುದು, ಬಡ್ತಿ ನಿಲ್ಲಬಹುದು, ಹಿಂಬಡ್ತಿಯೂ ಆಗಬಹುದು ಎಂದೆ. ಅವರು ಸ್ಕ್ರೂ ಬಿಗಿಯುತ್ತಲೇ ಕೇಳಿಸಿಕೊಂಡರು.

"ನಾನೊಂದು ಹೇಳ್ತೀನಿ, ಮಧ್ಯದಲ್ಲಿ ಕತ್ತರಿಸಬೇಡ" ಎಂದರು. "ನಿಮ್ಮಮ್ಮ ಹೋದಾಗ ನಾನು ಆಸ್ಪತ್ರೇಲಿ ಏನು ಹೇಳ್ದೆ ಅಂತ ನೆಂಟರೆಲ್ಲ ಕೇಳಿದ್ರು. ನೀನು, 'ಹಣೆಬರಹ ಅಂದ್ರು' ಅಂತ ಹೇಳಿಬಿಟ್ಟೆ. ನಾನು ಹಾಗೆ ಹೇಳ್ಲಿಲ್ಲ. ಡಾಕ್ಟ್ರು ಬೆಳಿಗ್ಗೇನೇ ಬರಬೇಕಿತ್ತು, ಬರ್ಲಿಲ್ಲ, ನಾವು ಗಲಾಟೆ ಮಾಡಬೇಕಿತ್ತು, ಮಾಡ್ಲಿಲ್ಲ, ಈಗ ಹಣೆಬರಹ ಅಂತ ಅನ್ನೋದಷ್ಟೇ ಉಳೀತು, ಅಂದಿದ್ದೆ. ನಿಮ್ಮಣ್ಣ ಇವತ್ತಿಗೂ ನನ್ನನ್ನ ಹೆದರುಪುಕ್ಕಲ ಅಂದ್ಕೊಂಡಿದ್ದಾನೆ."

"ಅದನ್ನ ಅವತ್ತೇ ಹೇಳೋದಕ್ಕೇನು?"

"ಹೇಳ್ದೆ. ನೀನು ಅದನ್ನೂ ಕತ್ತರಿಸ್ದೆ."

ಇಬ್ಬರಿಗೂ ನಗು ಬಂತು. ಆಮೇಲೆ ನನಗೆ ಅಳುವೂ ಬಂತು. ಅವರು ಕೈ ಒರೆಸಿಕೊಂಡು, "ಹೋಗಿ ಹೇಳಿ ಬಾ. ಹಿಂಬಡ್ತಿ ಆದ್ರೆ ಆಗ್ಲಿ, ಫ್ಯಾನಿನ ರೆಕ್ಕೆ ಒರೆಸೋಕೆ ಇಲ್ಲಿ ಜನ ಬೇಕು" ಎಂದರು. ಮುಖಕ್ಕೆ ಹೊಡೆಯುವ ಹಾಗೆ ಒಂದು ಫ್ಯಾನು ಹಚ್ಚಿದರು, ಕಣ್ಣು ಒಣಗಲಿ ಎಂದು.

ಏಪ್ರಿಲ್ 11, ಶುಕ್ರವಾರ

ಪ್ರಮಾಣಪತ್ರ ಸಲ್ಲಿಸಿದೆ. ನಾನೇ ಟೈಪ್ ಮಾಡಿದೆ. ಆರು ಪುಟವಾಯಿತು. ಆಕೆಯ ವಕೀಲರು ಒಂದು ಪುಟಕ್ಕೆ ಇಳಿಸಿ ಎಂದರು. ಆಗುವುದಿಲ್ಲ ಎಂದೆ.

ಜೂನ್ 10, ಮಂಗಳವಾರ

ಮೊಟ್ಟಮೊದಲ ಸಲ ಕಟಕಟೆಯ ಆ ಕಡೆ ನಿಂತೆ. ಅಲ್ಲಿಂದ ನೋಡಿದರೆ ಕೋರ್ಟು ಬೇರೆಯೇ ಕಾಣುತ್ತದೆ. ಎಲ್ಲರೂ ಕೂತಿರುತ್ತಾರೆ, ನಾವೊಬ್ಬರೇ ನಿಂತಿರುತ್ತೇವೆ. ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಪುಸ್ತಕ ಕೊಟ್ಟರು, ಓದಿದೆ. ದೊಡ್ಡ ಕೋರ್ಟಿನ ಶೀಘ್ರಲಿಪಿಗಾರನನ್ನೂ ಕರೆದು ಅದೇ ಪುಟ ಓದಿಸಿದರು. ಅವನೂ ಅದನ್ನೇ ಓದಿದ, ಅಕ್ಷರ ಬಿಡದೆ. ಓದಿ ಮುಗಿಸಿ ನನ್ನ ಕಡೆ ನೋಡಿದ ನೋಟದಲ್ಲಿ ಗೌರವವೂ ಇತ್ತು, ಗಾಬರಿಯೂ ಇತ್ತು. ಅವನ ಟ್ರಂಕಿನಲ್ಲೂ ಪುಸ್ತಕಗಳಿರಬೇಕು.

ಮೇಲ್ವಿಚಾರಕನ ವಕೀಲ ಎದ್ದ. ಮೃದುವಾಗಿ ಶುರುಮಾಡಿದ.

"ಇಪ್ಪತ್ತಾರು ವರ್ಷ ಸೇವೆ. ಒಳ್ಳೆ ಹೆಸರಿದೆ ನಿಮಗೆ. ಇಷ್ಟು ವರ್ಷದಲ್ಲಿ ಇದೊಂದೇ ತಪ್ಪಾ ಮೇಡಂ, ಅಥವಾ ಇನ್ನೂ ಇದಾವಾ?"

ಆ ಪ್ರಶ್ನೆಯ ಬಾಗಿಲು ಎರಡು ಕಡೆಯೂ ಗುಂಡಿಗೇ ತೆರೆಯುತ್ತಿತ್ತು. ಇದೊಂದೇ ಎಂದರೆ, ಇವಳೊಬ್ಬಳಿಗೇ ಯಾಕಮ್ಮ ಇಷ್ಟು ಕನಿಕರ ಎನ್ನುತ್ತಾನೆ. ಇನ್ನೂ ಇವೆ ಎಂದರೆ, ತಪ್ಪು ಮಾಡುವ ಕೈಯ ಪುಸ್ತಕ ನಂಬುವುದು ಹೇಗೆ ಎನ್ನುತ್ತಾನೆ. ಹಿಂದಿನ ಬೆಂಚಿನಲ್ಲಿ ಆಕೆ, ಆಕೆಯ ತಂಗಿ, ನಮ್ಮವರು ಸಾಲಾಗಿ ಕೂತಿದ್ದರು. ನಮ್ಮವರು ಷರ್ಟು ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದರು.

"ಇನ್ನೂ ಇವೆ" ಎಂದೆ. "ಏಳು ಪುಸ್ತಕ ತೆಗೆದು ನೋಡಿದ್ದೀನಿ. ಏಳರಲ್ಲಿ ಹದಿನಾಲ್ಕು ಸಿಕ್ಕಿವೆ. ಹನ್ನೆರಡು ಹೆಂಗಸರ ಹೇಳಿಕೆ. ಗೀಚೋದರಲ್ಲಿ ತಪ್ಪಿಲ್ಲ ಸ್ವಾಮಿ, ನನ್ನ ಕಿವಿ ಸರಿ ಇದೆ, ಕೈ ಸರಿ ಇದೆ, ಈಗ ತಾನೇ ಈ ಕೋರ್ಟಿನವರೇ ಓದಿದ್ರು. ತಪ್ಪಾಗಿದ್ದು ಆಮೇಲೆ, ಯಾವ್ದು ಮುಖ್ಯ ಯಾವ್ದು ಅಲ್ಲ ಅಂತ ನಾನು ತೀರ್ಮಾನ ಮಾಡುವಾಗ. ಗಂಡಸು ಕಾರಣ ಕೊಟ್ರೆ ಅದು ಸಾಕ್ಷ್ಯ ಅನ್ಸಿದೆ. ಹೆಂಗಸು ಕಾರಣ ಕೊಟ್ರೆ ಸಬೂಬು ಅನ್ಸಿದೆ. ಯಾರೂ ಹೇಳಿಕೊಡ್ಲಿಲ್ಲ, ಅಭ್ಯಾಸ. ನಾನೂ ಹೆಂಗಸೇ, ಆದ್ರೂ ಅನ್ಸಿದೆ. ಆ ತೀರ್ಮಾನ ಮಾಡೋ ಅಧಿಕಾರ ನನಗೆ ಇರ್ಲಿಲ್ಲ."

ವಕೀಲ ಕೂತುಬಿಟ್ಟ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು, ಶೀಘ್ರಲಿಪಿಗಾರನಿಗೆ ಹೇಳಿದರು: "ಇದನ್ನ ಇದ್ದ ಹಾಗೇ ಬರ್ಕೊಳ್ಳಿ."

ಜೂನ್ 13, ಶುಕ್ರವಾರ

ನೋಟಿಸು ಬಂತು. ಪುಸ್ತಕ ಸುಡದೆ ಇಟ್ಟುಕೊಂಡದ್ದಕ್ಕೆ ಇಲಾಖಾ ವಿಚಾರಣೆ. ಅಲ್ಲಿಯವರೆಗೆ ದಾಖಲೆ ಕೋಣೆಗೆ ವರ್ಗ. ತರಬೇತಿ ಪುಸ್ತಕದಿಂದ ಹತ್ತೂ ಮಾದರಿ ತೆಗೆದಿದ್ದಾರೆ. ಹೆಡ್ ಕ್ಲರ್ಕ್ ಮುಖ ಕೊಟ್ಟು ಮಾತಾಡಲಿಲ್ಲ, ಆದರೆ ದಾಖಲೆ ಕೋಣೆಗೆ ಒಂದು ಒಳ್ಳೆಯ ಕುರ್ಚಿ ಕಳಿಸಿದ್ದಾರೆ.

ಇಲ್ಲಿ ಧೂಳು ಜಾಸ್ತಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೆನ್ಸಿಲಮ್ಮನ ಪಟ್ಟಿಗೆ ನನ್ನ ಪುಸ್ತಕಗಳನ್ನು ಓದಿ ಹೇಳುತ್ತಿದ್ದೇನೆ. ನಾನು ಒಂದು ಓದಿದರೆ ಅವಳು ಮೂರು ಪ್ರಶ್ನೆ ಕೇಳುತ್ತಾಳೆ. ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತಾಳಂತೆ. ಮಕ್ಕಳು ನಿದ್ದೆ ಮಾಡುವುದಿಲ್ಲವಾ ಎಂದೆ. "ಮೊದಲು ಮಾಡ್ತಿದ್ರು. ನಿಮ್ಮ ಕಾವಲುಗಾರನನ್ನೂ ಲಾಂಡ್ರಿಯವರನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದ್ಮೇಲೆ ಒಬ್ಬರೂ ಮಾಡ್ಲಿಲ್ಲ" ಎಂದಳು. ನನ್ನ ಹೆಸರು ಹಾಕಿ ಬರೆದಳಾ ಎಂದು ಕೇಳಲಿಲ್ಲ. ಬರೆದಿದ್ದರೂ ಚಿಂತೆಯಿಲ್ಲ.

ಜುಲೈ 8, ಮಂಗಳವಾರ

ದೊಡ್ಡ ಕೋರ್ಟು ಹಳೆಯ ತೀರ್ಪನ್ನು ರದ್ದು ಮಾಡಿತು. 'ಸುಳ್ಳು ದೂರು' ಎಂಬ ಮಾತು ಹೋಯಿತು. ಆದರೆ ಆಕೆಯ ಹೇಳಿಕೆಯನ್ನು ಹೊಸ ನ್ಯಾಯಾಧೀಶರ ಮುಂದೆ ಮೊದಲಿನಿಂದ ಪಡೆಯಬೇಕಂತೆ. ಆಕೆ ಮತ್ತೆ ನಿಲ್ಲಬೇಕು, ಮತ್ತೆ ಹೇಳಬೇಕು, ಅದೇ ವಕೀಲ ಮತ್ತೆ ಕೇಳುತ್ತಾನೆ. ನಾನು ಅಂದುಕೊಂಡಿದ್ದು, ನನ್ನ ಒಂದು ಮಾತಿಗೆ ಎಲ್ಲ ಮುಗಿಯುತ್ತದೆ ಎಂದು. ಎಂಥ ಜಂಬ.

ಇಸ್ತ್ರಿ ಮೇಜಿನ ಹತ್ತಿರ ಹೋದೆ. ಆಕೆ ಕಾಲರ್ ತಿಕ್ಕುತ್ತಿದ್ದಳು.

"ಮತ್ತೆ ಹೇಳೋಕೆ ಆಗುತ್ತಾ?" ಎಂದೆ.

"ಮೂರು ವರ್ಷದಿಂದ ಹೇಳ್ಕೊಳ್ತಾನೇ ಇದೀನಲ್ಲ ಅಮ್ಮ, ಇನ್ನೊಂದ್ಸಲ ಹೇಳೋಕೇನು ಕಷ್ಟ? ಬರ್ಕೊಳ್ಳೋರು ಯಾರು, ನೀವಾ?"

"ನನ್ನನ್ನ ಕೂರಿಸಲ್ಲ. ಬೇರೆಯವರು."

"ಅವರು ಬಿಟ್ರೆ?"

"ಎಲ್ಲಾ ಬಂತಾ ಅಂತ ಕೇಳು. ನಿಧಾನಕ್ಕೆ ಓದಿ ಅಂತ ಹೇಳು. ಬಂದಿಲ್ಲ ಅಂದ್ರೆ ಹೆಬ್ಬೆಟ್ಟು ಒತ್ತಬೇಡ. ಯಾರು ಗದರಿದ್ರೂ ಒತ್ತಬೇಡ."

"ಜಡ್ಜು ಗದರಿದ್ರೆ?"

"ಗದರಿದ್ರೂ."

ಆಕೆ ನಕ್ಕಳು. ನನ್ನ ಮುಂದೆ ಆಕೆ ನಕ್ಕಿದ್ದು ಇದೇ ಮೊದಲು.

ಸೆಪ್ಟೆಂಬರ್ 12, ಶುಕ್ರವಾರ

ಇವತ್ತು ಆಕೆಯ ಹೊಸ ಹೇಳಿಕೆ, ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ರಜೆ ಹಾಕಿ, ನಮ್ಮವರ ಜೊತೆ ಕೊನೆಯ ಬೆಂಚಿನಲ್ಲಿ ಕೂತೆ. ಹೊಸ ಸಾಹೇಬರು ಚುರುಕು, ಮುಖದಲ್ಲಿ ನಗುವಿಲ್ಲ. ನನ್ನ ಜಾಗದಲ್ಲಿ ಕೂತವಳು ನಾನೇ ಕಲಿಸಿದ ಹುಡುಗಿ. ಬಾಯಲ್ಲಿ ಚಾಕಲೇಟು ಇಟ್ಟುಕೊಂಡು ಟೈಪ್ ಮಾಡುತ್ತಾಳೆ, ಎಷ್ಟು ಬೈದರೂ ಬಿಟ್ಟಿಲ್ಲ.

ಮತ್ತೆ ಅದೇ ಪ್ರಶ್ನೆ ಬಂತು. ಆಕೆ ಹೇಳಿದಳು. ಮೂರು ವರ್ಷ ಮೇಜಿನ ಮುಂದೆ ಹೇಳಿಕೊಂಡು ಮಾತು ನಯವಾಗಿದೆ, ಆದರೆ ಅವೇ ಮಾತುಗಳು. ಮಿಷನ್ನು, ಕೈಸನ್ನೆ, ದೊಡ್ಡ ಸ್ವಿಚ್ಚು. ಹುಡುಗಿಯ ಬೆರಳು ಓಡಿತು. ನಾನು ಬೆರಳನ್ನೇ ನೋಡುತ್ತಿದ್ದೆ. ಎಲ್ಲಿ ನಿಂತಿತು ಎಂದು ನನಗೆ ಗೊತ್ತಾಯಿತು. ಎಲ್ಲಿ ನಿಲ್ಲಿಸಬೇಕೆಂದು ನಾನೇ ಅವಳಿಗೆ ಕಲಿಸಿದ್ದೆ. ಎದ್ದು ನಿಂತುಬಿಡುತ್ತಿದ್ದೆನೇನೋ. ನಮ್ಮವರು ತೋಳು ಹಿಡಿದು ಕೂರಿಸಿದರು.

ಹೇಳಿಕೆ ಮುಗಿಯಿತು. ಕಾಗದ ಬಂತು, ಮಸಿಯ ಡಬ್ಬಿ ಬಂತು. ಆಕೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಮೊದಲು ಓದಿ" ಎಂದಳು.

"ಓದಿ ಹೇಳ್ತಾರಮ್ಮ" ಎಂದರು ಸಾಹೇಬರು.

"ನಿಧಾನಕ್ಕೆ ಓದ್ಲಿ ಸ್ವಾಮಿ. ನಂಗೆ ಅಕ್ಷರ ಬರಲ್ಲ, ಕಿವಿ ಬರುತ್ತೆ."

ಹುಡುಗಿ ಓದಿದಳು. ಕೂಗಿಕೊಳ್ಳಲಿಲ್ಲ ಎಂದರೆ ಸರಿ. ಯಂತ್ರ ನಿಲ್ಲಿಸಿದೆನು ಎಂದರೆ ಸರಿ.

"ಇಲ್ಲ!" ಬರೀ 'ಎಂದಳು' ಎಂದು ಬರೆದರೆ ಸಾಲದು. ಕೋಣೆಗೆಲ್ಲ ಕೇಳುವ ಹಾಗೆ ಹೇಳಿದಳು. "ಇದು ನಾನು ಹೇಳಿದ್ದಲ್ಲ. ನಾನು ಹೇಳಿದ್ದರಲ್ಲಿ ಅರ್ಧ. ಅರ್ಧಕ್ಕೆ ನಾನು ಹೆಬ್ಬೆಟ್ಟು ಒತ್ತಲ್ಲ. ಹೋದ ಸಲ ಒತ್ತಿ ಮೂರು ವರ್ಷ ಸುಳ್ಳಿ ಅನ್ನಿಸ್ಕೊಂಡೆ."

ವಕೀಲ ಏನೋ ಹೇಳಲು ಎದ್ದ. ಸಾಹೇಬರು ಕೈ ತೋರಿಸಿ ಕೂರಿಸಿದರು. "ಹೇಳಮ್ಮ, ಯಾವ್ದು ಬಿಟ್ಟಿದೆ?" ಎಂದರು. ಆಕೆ ಮೊದಲಿಂದ ಹೇಳಿದಳು. ಒಂದೊಂದು ಮಾತು ಹೇಳಿ ಹುಡುಗಿಯ ಕಡೆ ತಿರುಗಿ, "ಬಂತಾ?" ಎಂದಳು. ಹುಡುಗಿ, "ಬಂತು" ಎಂದಳು. ಹೀಗೇ ಹತ್ತು ಹನ್ನೆರಡು ಸಲ ಬಂತಾ, ಬಂತು. ಒಮ್ಮೆ ಹುಡುಗಿ ಗಾಬರಿಯಲ್ಲಿ ಚಾಕಲೇಟು ನುಂಗಿಬಿಟ್ಟಳು. ಊಟದ ಬಿಡುವು ಅರ್ಧ ಗಂಟೆ ತಡವಾಯಿತು. ಯಾರೂ ಏಳಲಿಲ್ಲ.

ಪೂರ್ತಿ ಬಂದ ಮೇಲೆ ಆಕೆ ಹೆಬ್ಬೆರಳನ್ನು ಮಸಿಗೆ ಅದ್ದಿ, ಜೋರಾಗಿ ಒತ್ತಿದಳು. ನಾನು ಅತ್ತೆ. ಕೋರ್ಟಿನಲ್ಲಿ ಅಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಅಕ್ಟೋಬರ್ 7, ಮಂಗಳವಾರ

ಇಲಾಖಾ ವಿಚಾರಣೆ ಮುಗಿಯಿತು. ಒಂದು ವರ್ಷದ ಬಡ್ತಿ ತಡೆ. ವಿಚಾರಣಾಧಿಕಾರಿ, "ಪುಸ್ತಕ ಸುಡದೆ ಇದ್ದದ್ದು ತಪ್ಪು ಎಂದು ಒಪ್ಪುತ್ತೀರಾ?" ಎಂದರು. ಒಪ್ಪುವುದಿಲ್ಲ ಎಂದೆ. ಯಾಕೆ ಎಂದು ಇಪ್ಪತ್ತು ನಿಮಿಷ ಹೇಳಿದೆ. ಬರೆದುಕೊಂಡರಾ ಎಂದು ಬಗ್ಗಿ ನೋಡಿದೆ. ಬರೆದುಕೊಂಡಿದ್ದರು.

ನವೆಂಬರ್ 18, ಮಂಗಳವಾರ

ಇವತ್ತು ತೀರ್ಪು. ಕೋರ್ಟು ತುಂಬಿತ್ತು. ಲಾಂಡ್ರಿಯಲ್ಲಿ ಆಕೆಯ ಜೊತೆ ಕೆಲಸ ಮಾಡುತ್ತಿದ್ದ ನಾಲ್ಕು ಹೆಂಗಸರು ಬಂದಿದ್ದರು, ಕೆಲಸ ಹೋದರೆ ಹೋಗಲಿ ಎಂದು. ಮಾತಾಡಬಾರದು ಎಂದು ಸದ್ದಿಲ್ಲದೆ ಕೈಸನ್ನೆಯಲ್ಲೇ ಏನೇನೋ ಹೇಳಿಕೊಳ್ಳುತ್ತಿದ್ದರು. ಪೆನ್ಸಿಲಮ್ಮ ಹಿಂದೆ ನಿಂತಿದ್ದಳು, ಕೂರಲು ಜಾಗವಿರಲಿಲ್ಲ. ನನ್ನ ಒಂದು ಕಡೆ ಆಕೆ. ಆಕೆಯ ಆ ಕಡೆ ಬೇರೆ ಯಾವುದೋ ಕೇಸಿಗೆ ಬಂದ ಗುರುತಿಲ್ಲದ ಮುದುಕ.

ಸಾಹೇಬರು ತೀರ್ಪು ಓದತೊಡಗಿದರು. ಅದೇ ಕಾನೂನಿನ ಭಾಷೆ, ಉದ್ದುದ್ದ ವಾಕ್ಯ, ಕಲಮುಗಳು, ಉಪಕಲಮುಗಳು. ಆಕೆಗೆ ಒಂದೂ ಅರ್ಥವಾಗುತ್ತಿರಲಿಲ್ಲ, ನನ್ನ ಕೈ ಹಿಡಿದುಕೊಂಡಿದ್ದಳು. ಕೈ ಬಿಸಿಯಾಗಿತ್ತು. ಮೇಲ್ವಿಚಾರಕ ಗಡಿಯಾರ ನೋಡಿಕೊಳ್ಳುತ್ತಿದ್ದ.

"ದೂರುದಾರಳು ಕೂಗಿಕೊಳ್ಳಲಿಲ್ಲ ಎಂಬ ಆರೋಪಿ ಪರ ವಾದವನ್ನು ಪರಿಗಣಿಸಲಾಗಿದೆ. ಈ ವಾದಕ್ಕೆ ನ್ಯಾಯಾಲಯವು ಉತ್ತರ ಹುಡುಕಬೇಕಾಗಿಲ್ಲ. ದೂರುದಾರಳೇ ಉತ್ತರ ಕೊಟ್ಟಿದ್ದಾಳೆ. ಆಕೆಯ ಮಾತನ್ನು ಇದ್ದ ಹಾಗೇ ಉದ್ಧರಿಸಲಾಗಿದೆ." ಸಾಹೇಬರು ಪುಟ ತಿರುಗಿಸಿದರು. "'ಕೂಗಿದ್ರೆ ಯಾರಿಗೆ ಕೇಳುತ್ತೆ ಸ್ವಾಮಿ? ಮಿಷನ್ನಿಗೇನು ಕಿವಿ ಇದ್ಯಾ?'"

ವಕೀಲರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತೀರ್ಪಿನ ನಡುವೆ ಬೀದಿಯ ಮಾತು ಕೇಳಿ ನಗು ಬಂದಿರಬೇಕು.

ಸಾಹೇಬರು ತಲೆ ಎತ್ತಿದರು. ಆ ಕಡೆ ನೋಡಿದರು. ಮತ್ತೆ ಕಾಗದಕ್ಕೆ ಕಣ್ಣು ಹಾಕಿ, ಅದನ್ನೇ ಮೊದಲಿಂದ, ಇನ್ನೂ ನಿಧಾನವಾಗಿ, ಒಂದೊಂದು ಮಾತೂ ಬಿಡದೆ ಓದಿದರು. ಸ್ವಿಚ್ಚಿನವರೆಗೆ, ಓಡಿ ಬಂದವರವರೆಗೆ, 'ಅದೇ ನಾನು ಕೂಗಿದ್ದು' ಎಂಬಲ್ಲಿಯವರೆಗೆ. ಈ ಸಲ ಯಾರೂ ನಗಲಿಲ್ಲ. ಆಮೇಲೆ ಆರೋಪ ಸಾಬೀತಾಗಿದೆ ಎಂದರು. ಮೇಲ್ವಿಚಾರಕ ಗಡಿಯಾರ ನೋಡುವುದನ್ನು ಬಿಟ್ಟ.

ಆಕೆ ನನ್ನ ಕೈ ಬಿಟ್ಟಳು. ಪಕ್ಕದ ಮುದುಕನ ತೋಳು ತಟ್ಟಿದಳು. ಅವನು ತಿರುಗಿದ.

"ಈಗ ಓದಿದ್ರಲ್ಲ, ಕೇಳಿಸ್ತಾ?" ಎಂದಳು. "ಅದು ನಾನು ಹೇಳಿದ್ದು."